ಪಾಯಿಂಟ್ ತೆಗೆದು ಡಬ್ಬಿ ಕೂರಿಸುವ ವಿಚಾರ

ಹಳೇ ಜಾವಾನೋ ಯೆಜ್ಡಿನೋ ಇಟ್ಟುಕೊಂಡಿರುವ ಇಬ್ಬರು ಒಂದು ಕಡೆ ಸಿಕ್ಕರೆ, ಮಾತು ಮಳೆಯಿಂದ ಶುರುವಾಗಲಿ, ಮೊಮ್ಮಕ್ಕಳಿಂದ ಶುರುವಾಗಲಿ, ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: “ನಿಮ್ದು ಇನ್ನೂ ಪಾಯಿಂಟಾ? ಇಲ್ಲ ಎಲೆಕ್ಟ್ರಾನಿಕ್ ಮಾಡ್ಸಿದೀರಾ?” ಪಾಯಿಂಟೇ ಅಂದವರಿಗೆ ಎದುರಿನವರು “ಅಯ್ಯೋ ಪಾಪ” ಅಂತಾರೆ. ಎಲೆಕ್ಟ್ರಾನಿಕ್ ಅಂದವರಿಗೆ “ಒರಿಜಿನಾಲಿಟಿ ಹೋಯ್ತಲ್ರೀ” ಅಂತಾರೆ. ಯಾವ ಉತ್ತರ ಕೊಟ್ಟರೂ ಬೈಸಿಕೊಳ್ಳೋದು ತಪ್ಪಿದ್ದಲ್ಲ, ಅಲ್ವಾ?

ನಮ್ಮ ಬೀದಿಯ ಕೊನೇ ಮನೆ ಮೇಷ್ಟ್ರು ಈ ಬೈಗುಳಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಮೊನ್ನೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ತರಿಸಿಯೇಬಿಟ್ಟರು. ರಿಟೈರ್ ಆಗಿ ಬಹಳ ಕಾಲವಾಯ್ತು. ಜಾವಾ ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ಬೆಳಿಗ್ಗೆ ಹಾಲು ತರೋಕೆ ಹೊರಟರೆ ಒಂದು ಕಿಕ್ಕಿಗೆ ಶುರುವಾದ ದಿನ ಅವರ ಮುಖದಲ್ಲಿ ಒಂದು ಕಳೆ, ಆಗದ ದಿನ ಇನ್ನೊಂದು. ಅವರು ಇಡೀ ದಿನ ಯಾರ್‍ಯಾರ ಮೇಲೆ ಸಿಡುಕುತ್ತಾರೆ ಅನ್ನೋದು ಬೆಳಿಗ್ಗೆಯ ಆ ಕಿಕ್ಕಿನಲ್ಲೇ ತೀರ್ಮಾನ ಆಗ್ತಿತ್ತು ಅನ್ನೋದು ಅವರ ಮನೆಯವರ ಮಾತು. ಆಯಮ್ಮನೇ ಕೊನೆಗೆ, “ಅದೇನು ಹೊಸಾದು ಬಂದಿದೆಯಂತಲ್ಲ, ಹಾಕಿಸಿಬಿಡಿ ಅತ್ಲಾಗೆ” ಅಂದಿದ್ದು.

ಪಾಯಿಂಟಿನ ಕಾಟ ನಿಮಗೆ ಗೊತ್ತಿಲ್ಲದ್ದೇನಲ್ಲ. ಕ್ಯಾಮ್ ಸುತ್ತುತ್ತೆ, ಪಾಯಿಂಟ್ ಬಾಯಿ ಬಿಡುತ್ತೆ, ಕಾಯಿಲಿಗೆ ಹೋಗ್ತಿದ್ದ ಕರೆಂಟು ಕಡಿಯುತ್ತೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಅಮೆರಿಕದ ಕೆಟರಿಂಗ್ ಅನ್ನೋರು ಈ ಏರ್ಪಾಟನ್ನು 1910ರ ಕ್ಯಾಡಿಲಾಕ್ ಕಾರಿಗೆ ಕೂರಿಸಿದ್ದರು. ಅದೇ ಉಪಾಯ ಅಷ್ಟು ದಶಕ ನಡೆಯಿತಲ್ಲ, ಅದೂ ಸಾಮಾನ್ಯದ ಮಾತಲ್ಲ ಬಿಡಿ. ಆದರೆ ಆ ಪಾಯಿಂಟಿನ ಹಿಮ್ಮಡಿ ಫೈಬರಿನದು. ಕ್ಯಾಮಿಗೆ ಉಜ್ಜಿ ಉಜ್ಜಿ ಸವೆಯುತ್ತೆ. ಸವೆದಷ್ಟೂ ಗ್ಯಾಪ್ ಕಮ್ಮಿ, ಗ್ಯಾಪ್ ಕಮ್ಮಿಯಾದಷ್ಟೂ ಟೈಮಿಂಗ್ ಹಿಂದಕ್ಕೆ. 0.4 ಮಿಲಿಮೀಟರ್ ಇರಬೇಕಾದ ಜಾಗದಲ್ಲಿ ಕೂದಲೆಳೆಯಷ್ಟು ಉಳಿದಾಗ ಗಾಡಿ ಏದುಸಿರು ಬಿಡೋಕೆ ಶುರು. ಜೊತೆಗೆ ಬಾಯಿ ಬಿಟ್ಟಾಗಲೆಲ್ಲ ಪಾಯಿಂಟಿನಲ್ಲೂ ಹಾರೋ ಸಣ್ಣ ಕಿಡಿ ತಿಂದು ತಿಂದು ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದು ಮುಖದಲ್ಲಿ ಗುಬುಟು.

ಇದನ್ನೆಲ್ಲ ಸರಿ ಮಾಡೋಕೆ ನಮ್ಮ ಮೇಸ್ತ್ರಿ ಹತ್ತಿರ ಏನೇನು ಆಯುಧ ಇದ್ದವು ಅಂತೀರಿ! ಫೀಲರ್ ಗೇಜ್ ಅಂತ ಒಂದು ಇರುತ್ತಲ್ಲ, ಅದನ್ನ ಅವರು ಕೈಯಲ್ಲಿ ಹಿಡಿದಿದ್ದು ನಾನು ನೋಡಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ಹಲ್ಲು ಉಜ್ಜಿ ತೆಗೆದ ಒಂದು ತುಂಡು, ಅದೇ ಗೇಜು. ಪಾಯಿಂಟ್ ಯಾವ ಗಳಿಗೆಯಲ್ಲಿ ಬಾಯಿ ಬಿಡುತ್ತೆ ಅಂತ ನೋಡೋಕೆ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದ. ಅದನ್ನ ಪಾಯಿಂಟಿನ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಮೆಲ್ಲಗೆ ಎಳೀತಾ, ಇನ್ನೊಂದು ಕೈಯಲ್ಲಿ ಎಂಜಿನ್ನು ತಿರುಗಿಸೋದು. ಕಾಗದ ಸಡಿಲ ಆದ ಗಳಿಗೆಯೇ ಕಿಡಿ ಹಾರುವ ಗಳಿಗೆ. ಪಿಸ್ಟನ್ ಎಲ್ಲಿದೆ ಅಂತ ತಿಳಿಯೋಕೆ ಪ್ಲಗ್ಗಿನ ತೂತಿನೊಳಗೆ ಇಳಿಬಿಟ್ಟ ಸೈಕಲ್ ಕಡ್ಡಿ. ಅದರ ಮೇಲೆ ಅರದಿಂದ ಗೀಚಿದ ಗೆರೆಗಳು. ಸಿಗರೇಟ್ ಪ್ಯಾಕು ಮಾತ್ರ ಅವರದಲ್ಲ. ಅವರು ಸೇದೋರಲ್ಲ. ಪಾಯಿಂಟ್ ಸೆಟ್ ಮಾಡಿಸೋಕೆ ಬಂದ ಗಿರಾಕಿಯೇ ಪ್ಯಾಕು ಕೊಡಬೇಕು, ಅದು ಅಲಿಖಿತ ನಿಯಮ. ಸೇದದ ಗಿರಾಕಿಗಳು ಪಕ್ಕದ ಬೀಡಾ ಅಂಗಡಿ ಮುಂದೆ ನೆಲ ಹುಡುಕ್ತಾ ಓಡಾಡೋದು ನೋಡಿದ್ರೆ ಅಂಗಡಿಯವನಿಗೆ ನಗು.

ಜಾವಾ ಅಂದ ಮೇಲೆ ಮೈಸೂರು ನೆನಪಾಗದೆ ಇರುತ್ತಾ? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಹೊರಗೆ ಬಿಡೋಕೆ ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ನಡುವೆ 1973ರ ಸುಮಾರಿಗೆ ಜಾವಾ ಹೋಗಿ ಯೆಜ್ಡಿ ಆಯ್ತು. “ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ” ಅಂತ ಜಾಹೀರಾತು ಬೇರೆ. ಕಾರ್ಖಾನೆ ಹೋದರೂ ಗಾಡಿ ಉಳಿದಿದೆಯಲ್ಲ, ಅರ್ಧ ಮಾತಾದರೂ ಉಳಿಸಿಕೊಂಡ ಹಾಗಾಯ್ತು. ಆ ಗಾಡಿಯ ತಿಕ್ಕಲುತನಗಳೂ ಒಂದೆರಡಲ್ಲ. ಕಿಕ್ಕರೂ ಗೇರ್ ಲಿವರೂ ಒಂದೇ. ಒಳಗೆ ಒತ್ತಿ ನೆಟ್ಟಗೆ ನಿಲ್ಲಿಸಿದರೆ ಕಿಕ್ಕರು, ಶುರುವಾದ ಮೇಲೆ ಅದೇ ವಾಪಸ್ಸು ಮಲಗಿ ಗೇರು. ಹೊಸಬರಿಗೆ ಗಾಡಿ ಕೊಟ್ಟು “ಕಿಕ್ ಹೊಡಿ ನೋಡೋಣ” ಅಂದರೆ, ಬಲಗಡೆ ಹುಡುಕ್ತಾರೆ, ಎಡಗಡೆ ಹುಡುಕ್ತಾರೆ, ಆಮೇಲೆ ನಮ್ಮ ಮುಖ ನೋಡ್ತಾರೆ. ಗೇರ್ ಹಾಕೋಕೆ ಕ್ಲಚ್ ಹಿಡಿಯಲೇಬೇಕು ಅಂತಿಲ್ಲ, ಲಿವರ್ ಮೆಟ್ಟಿದರೆ ಕ್ಲಚ್ಚೂ ತಾನೇ ಬಿಡುತ್ತೆ. ಇನ್ನು ಕೀ ವಿಚಾರ. ಹಲ್ಲಿಲ್ಲದ ಒಂದು ಮೊಳೆ ಅದು, ಮೇಲೊಂದು ತಲೆ. ಹೆಡ್‌ಲೈಟಿನ ಮೇಲಿನ ತೂತಿಗೆ ತುರುಕಿದರೆ ಆಯ್ತು. ಒಬ್ಬರ ಕೀ ಇನ್ನೊಬ್ಬರ ಗಾಡಿಗೂ ಆಗ್ತಿತ್ತು. ಕಾಲೇಜಿನ ಸ್ಟ್ಯಾಂಡಿನಲ್ಲಿ ಅವರ ಗಾಡಿ ಇವರು, ಇವರ ಗಾಡಿ ಅವರು ತಗೊಂಡು ಹೋಗಿ ಸಂಜೆ ಪೆಟ್ರೋಲಿನ ಲೆಕ್ಕಕ್ಕೆ ಜಗಳ ಆಡಿದ ಕತೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಅಂಥಾ ಗಾಡಿಗೆ ಕಳ್ಳನ ಭಯಕ್ಕಿಂತ ಗೆಳೆಯರ ಭಯವೇ ಜಾಸ್ತಿ, ಅಲ್ವಾ?

ಎಲ್ಲಿದ್ದೆ? ಹಾಂ, ಮೇಷ್ಟ್ರ ಕಿಟ್ಟು.

ಈ ಕಿಟ್ಟುಗಳಲ್ಲೂ ಜಾತಿ ಇದೆ. ಪಾಯಿಂಟನ್ನ ಇದ್ದಲ್ಲೇ ಬಿಟ್ಟು ಅದರ ಹೊರೆ ಮಾತ್ರ ಟ್ರಾನ್ಸಿಸ್ಟರ್ ಹೊರುವ ಹಾಗೆ ಮಾಡೋದು ಒಂದು. ಪಾಯಿಂಟ್ ತೆಗೆದು ಆ ಜಾಗಕ್ಕೆ ಸೆನ್ಸರ್ ಕೂರಿಸಿ, ಡೈನಮೋ ಬ್ಯಾಟರಿ ಹಳೇದೇ ಉಳಿಸಿಕೊಳ್ಳೋದು ಇನ್ನೊಂದು. ಮೂರನೇದು ಪೂರ್ತಿ ಕಿಟ್ಟು: ಡೈನಮೋ, ಆರ್ಮೇಚರ್, ಕಾರ್ಬನ್ ಬ್ರಶ್, ಕಟೌಟ್ ಎಲ್ಲ ಕಿತ್ತು ಹಾಕಿ, ಮ್ಯಾಗ್ನೆಟ್ ಇರುವ ರೋಟರು, ಕಾಯಿಲುಗಳ ಪ್ಲೇಟು, 12 ವೋಲ್ಟಿನ ರೆಗ್ಯುಲೇಟರು, ಹೊಸ ಇಗ್ನಿಷನ್ ಕಾಯಿಲ್ ಎಲ್ಲ ಹಾಕೋದು. ಜಾವಾದ ತವರು ಚೆಕ್ ದೇಶದಲ್ಲೇ ವೇಪ್ ಅನ್ನೋ ಕಂಪನಿಯವರು ಇಂಥ ಕಿಟ್ಟು ಮಾಡ್ತಾರೆ. ಮೇಷ್ಟ್ರು ತರಿಸಿದ್ದು ಮೂರನೇ ಜಾತಿಯದು. ಕಿಡಿಗೆ ಬ್ಯಾಟರಿಯ ಹಂಗೇ ಇಲ್ಲ. ಬ್ಯಾಟರಿ ಸತ್ತಿದ್ದರೂ ಗಾಡಿ ಶುರುವಾಗುತ್ತೆ.

ಪಾರ್ಸಲ್ ಬಿಚ್ಚುವಾಗ ಅರ್ಧ ಬೀದಿ ಅಲ್ಲೇ ಇತ್ತು. ಒಳಗಿದ್ದದ್ದು ಮೂರು ನಾಲ್ಕು ಸಾಮಾನು, ಒಂದಿಷ್ಟು ಬಣ್ಣಬಣ್ಣದ ವೈರು. “ಇಷ್ಟಕ್ಕೆ ಅಷ್ಟು ದುಡ್ಡಾ?” ಅಂತ ಅವರ ಮನೆಯವರು ಒಳಗೆ ಹೋದರು. ಮೇಸ್ತ್ರಿಗೆ ಕಣ್ಣು ಬಿದ್ದದ್ದು ಅದರಲ್ಲಿದ್ದ ಕಪ್ಪು ಡಬ್ಬಿ ಮೇಲೆ. ಎತ್ತಿಕೊಂಡರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ಇನ್ನೊಂದ್ಸಲ ತಿರುಗಿಸಿದರು. ಸ್ಕ್ರೂ ಇಲ್ಲ, ಮುಚ್ಚಳ ಇಲ್ಲ, ಜೋಡಣೆಯ ಗೆರೆಯೂ ಇಲ್ಲ. ಒಳಗಿರೋದನ್ನೆಲ್ಲ ರಾಳ ಹುಯ್ದು ಗಟ್ಟಿ ಮಾಡಿಟ್ಟಿದ್ದಾರೆ. ನೀರು ಹೋಗಲ್ಲ, ಅದುರಿದರೆ ಬೆಸುಗೆ ಬಿಡಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಸದ್ದೂ ಇಲ್ಲ. “ಇದು ಕೆಟ್ಟರೆ?” ಅಂದರು. “ಹೊಸಾದು ತರಬೇಕು” ಅಂದರು ಮೇಷ್ಟ್ರು. “ಬಿಚ್ಚೋಕೆ ಆಗದ್ದನ್ನ ರಿಪೇರಿ ಅಂತ ಹೆಂಗೆ ಕರೀತೀರಿ ಸಾರ್?” ಅಂತ ಡಬ್ಬಿಯನ್ನ ಸ್ಟೂಲಿನ ಮೇಲಿಟ್ಟು ಬೀಡಾ ಅಂಗಡಿಗೆ ಹೋದವರು ಚಹಾ ಕುಡಿದೇ ವಾಪಸ್ಸು ಬಂದದ್ದು.

ಬಂದ ಮೇಲೆ ಕೆಲಸ ಮಾತ್ರ ಅಚ್ಚುಕಟ್ಟು. ಬಲಗಡೆ ಕವರ್ ಬಿಚ್ಚಿದರೆ ಒಳಗೆಲ್ಲ ಕಾರ್ಬನ್ ಬ್ರಶ್ಶಿನ ಕರೀ ಪುಡಿ. ಸ್ಟೇಟರ್ ಬಂತು. ಆರ್ಮೇಚರ್ ಕ್ರ್ಯಾಂಕಿನ ಟೇಪರ್ ಮೇಲೆ ಕಚ್ಚಿ ಕೂತಿತ್ತು, ಪುಲ್ಲರ್ ಬೋಲ್ಟು ಬಿಗಿದರೆ ‘ಟಕ್’ ಅಂತ ಬಿಟ್ಟುಕೊಂಡಿತು. ಟೇಪರನ್ನ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಒರೆಸಿ ಫಳಫಳ ಮಾಡಿದರು, ಅಲ್ಲಿ ಎಣ್ಣೆ ಪಸೆ ಉಳಿದರೆ ರೋಟರು ಜಾರುತ್ತೆ, ಜಾರಿದರೆ ಟೈಮಿಂಗ್ ಗೋವಿಂದ. ರೋಟರು ಹಾಕೋ ಮೊದಲು ಅದರ ಒಳಗೆ ಬೆರಳಾಡಿಸಿ ನೋಡಿದರು. ನೋಡಿದ್ದು ಒಳ್ಳೇದೇ ಆಯ್ತು. ಸ್ಟೂಲಿನ ಮೇಲಿದ್ದ ಒಂದು ಪುಟಾಣಿ ವಾಷರು ಯಾವ ಮಾಯದಲ್ಲೋ ಹಾರಿ ಮ್ಯಾಗ್ನೆಟ್ಟಿಗೆ ಅಂಟಿಕೊಂಡಿತ್ತು. ಹಾಗೇ ಕೂರಿಸಿದ್ದರೆ ಮೊದಲ ಸುತ್ತಿನಲ್ಲೇ ಹೊಸ ಕಾಯಿಲುಗಳ ಸಿಪ್ಪೆ ಸುಲಿದು ಹೋಗ್ತಿತ್ತು. ಆಮೇಲೆ ಅದೇ ಸೈಕಲ್ ಕಡ್ಡಿ ಹೊರಬಂತು! ಪಿಸ್ಟನ್ನನ್ನ ಮೇಲಕ್ಕೆ ತಂದು, ಅಲ್ಲಿಂದ ಹೇಳಿದಷ್ಟು ಮಿಲಿಮೀಟರ್ ಹಿಂದಕ್ಕೆ ಇಳಿಸಿ, ರೋಟರಿನ ಗೆರೆಗೂ ಪ್ಲೇಟಿನ ಗೆರೆಗೂ ಜೋಡಿ ಮಾಡಿ ಬಿಗಿದರು. ಎಲೆಕ್ಟ್ರಾನಿಕ್ ಆದರೇನು, ಪಿಸ್ಟನ್ ಎಲ್ಲಿದೆ ಅಂತ ಹೇಳೋಕೆ ಕಡ್ಡಿಯೇ ಬೇಕಾಯ್ತು ನೋಡಿ.

ನಿಜವಾದ ಜಗಳ ಆದದ್ದು ಅರ್ತ್ ವೈರಿನಲ್ಲಿ. ಮೇಷ್ಟ್ರು ಹೋದ ವರ್ಷವಷ್ಟೇ ಗಾಡಿಯ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರು. ಕನ್ನಡಿ ಬೇಡ, ಅದರಲ್ಲೇ ಮುಖ ನೋಡ್ಕೋಬಹುದು, ಅಂಥಾ ಹೊಳಪು. ಪೌಡರ್ ಕೋಟಿಂಗ್ ಮೂಲಕ ಕರೆಂಟು ಹಾಯಲ್ಲ ಅನ್ನೋದು ಮೇಸ್ತ್ರಿಗೆ ಗೊತ್ತು. ಚೂರಿ ತೆಗೆದು ಟ್ಯಾಂಕಿನ ಕೆಳಗೆ ಕೆರೆಯೋಕೆ ಕೈ ಹಾಕಿದರು. “ಅಯ್ಯೋ, ಅಯ್ಯೋ” ಅಂತ ಮೇಷ್ಟ್ರು. “ಇಷ್ಟೇ ಇಷ್ಟು ಸಾರ್, ಕಾಣಲ್ಲ” ಅಂತ ಮೇಸ್ತ್ರಿ. ಆಪರೇಷನ್ ಥಿಯೇಟರಿನ ಹೊರಗೆ ನಿಂತೋರ ಮುಖ ನೀವು ನೋಡಿರ್ತೀರಲ್ಲ, ಮೇಷ್ಟ್ರದು ಅದೇ. ಕೊನೆಗೆ ಎಂಜಿನ್ನಿಗೇ ನೇರವಾಗಿ ಇನ್ನೊಂದು ವೈರು ಎಳೆದು, ಫ್ರೇಮಿನಲ್ಲಿ ಕಾಳಿನಷ್ಟು ಮಾತ್ರ ಕೆರೆದು ರಾಜಿಯಾದರು. ಹೊಸದಾಗಿ ಪೇಂಟ್ ಮಾಡಿಸಿದ ಹಳೇ ಗಾಡಿಗಳ ಕರೆಂಟಿನ ಕಾಯಿಲೆಯಲ್ಲಿ ಎಷ್ಟೋ ಪಾಲು ಇದೇ ಅರ್ತಿನದು ಅಂತ ಮೇಸ್ತ್ರಿ ಆಮೇಲೆ ಹೇಳಿದರು.

ಕಿಕ್ ಹೊಡೆದರು. ಒಂದೇ ಕಿಕ್ಕು! ಬೀದಿ ನಾಯಿ ಎದ್ದು ಓಡಿತು. ಐಡಲಿಂಗಿನಲ್ಲಿ ನಿಲ್ಲಿಸಿದರೆ ಮಾತ್ರ ಆ ಹಳೇ ತಾಳ ತಪ್ಪಿದ ‘ಡುಗ್... ಡುಗ್‌ಡುಗ್... ಡುಗ್’ ಸ್ವಲ್ಪ ಉಳಿದೇ ಇತ್ತು. “ಇನ್ನೂ ಮಿಸ್ಸಿಂಗ್ ಇದೆಯಲ್ಲ?” ಅಂದರು ಮೇಷ್ಟ್ರು. ಅದು ಮಿಸ್ಸಿಂಗ್ ಅಲ್ಲ ಸ್ವಾಮಿ, ಅದು ಹಳೇ ಟೂ ಸ್ಟ್ರೋಕಿನ ಜಾಯಮಾನ. ಕಮ್ಮಿ ಆಕ್ಸಲರೇಟರಿನಲ್ಲಿ ಹಿಂದಿನ ಸುತ್ತಿನ ಹೊಗೆ ಪೂರಾ ಹೊರಗೆ ಹೋಗಿರಲ್ಲ, ಹೊಸ ಗಾಳಿ ಸಾಕಷ್ಟು ಬಂದಿರಲ್ಲ, ಒಂದು ಸುತ್ತು ಉರಿಯುತ್ತೆ, ಮುಂದಿನದು ಬಿಡುತ್ತೆ. ಅದಕ್ಕೆ ಎಂಥಾ ಕಿಡಿ ಕೊಟ್ಟರೂ ಅಷ್ಟೇ. ಆ ಸದ್ದೂ ಹೋಗಿದ್ದರೆ ಅದನ್ನ ಜಾವಾ ಅಂತ ಯಾರು ಕರೀತಿದ್ರು, ಹೇಳಿ?

ಹೊಸ ಕಿಡಿಯ ಖದರು ಮಾತ್ರ ಬೇರೆ. ಕಪ್ಪು ಡಬ್ಬಿಯೊಳಗೆ ಒಂದು ಕೆಪಾಸಿಟರ್ ಕೆಲವು ನೂರು ವೋಲ್ಟು ತುಂಬಿಕೊಂಡು ಕಾದಿರುತ್ತೆ. ರೋಟರು ಸನ್ನೆ ಕೊಟ್ಟ ತಕ್ಷಣ ಎಲ್ಲವನ್ನೂ ಒಂದೇ ಏಟಿಗೆ ಕಾಯಿಲಿಗೆ ಸುರಿಯುತ್ತೆ. ಅರ್ಧಂಬರ್ಧ ಎಣ್ಣೆ ಹಿಡಿದ ಪ್ಲಗ್ಗೂ ಹೊತ್ತಿಕೊಳ್ಳುತ್ತೆ. ಕವಾಸಾಕಿಯವರು 1969ರ ಎಚ್1ಗೇ ಇಂಥ ಸಿಡಿಐ ಕೊಟ್ಟಿದ್ದರಂತೆ ನೋಡಿ; ನಮ್ಮಲ್ಲಿ 80ರ ದಶಕದಲ್ಲಿ ಬಂದ ರಾಜದೂತ್ 350 ಮಾತ್ರ ಎರಡೆರಡು ಜೊತೆ ಪಾಯಿಂಟ್ ಹೊತ್ತುಕೊಂಡೇ ಓಡಾಡಿತು. ಅವುಗಳ ಯಜಮಾನರಿಗೆ ಎರಡು ಪಟ್ಟು ತಲೆನೋವು. ಅದಕ್ಕೇ ಈಗ ಎಲೆಕ್ಟ್ರಾನಿಕ್ ಮಾಡಿಸೋಕೆ ಮುಂದೆ ಬೀಳೋರಲ್ಲಿ ಅವರೂ ಸೇರಿದ್ದಾರೆ.

ಖದರು ಜಾಸ್ತಿ ಅಂದ ಮೇಲೆ ಹಳೇ ಚಾಳಿಗಳನ್ನ ಬಿಡಬೇಕು. ನಾವೆಲ್ಲ ಏನು ಮಾಡ್ತಿದ್ವಿ? ಪ್ಲಗ್ ಕ್ಯಾಪ್ ಕಿತ್ತು, ವೈರಿನ ತುದಿಯನ್ನ ಎಂಜಿನ್ನಿನ ರೆಕ್ಕೆಗಳಿಂದ ಒಂದಷ್ಟು ದೂರ ಹಿಡಿದು, “ಹೊಡಿಯಪ್ಪಾ ಕಿಕ್ಕು” ಅಂತಿದ್ವಿ, ಕರೆಂಟ್ ಬರ್ತಿದೆಯಾ ಇಲ್ವಾ ಅಂತ ನೋಡೋಕೆ. ಕೈಗೆ ಜುಂ ಅಂದರೆ ಬರ್ತಿದೆ ಅಂತ ಅರ್ಥ. ಸಿಡಿಐ ಹಾಕಿದ ಗಾಡಿಗೆ ಇದು ಕೂಡದು. ಕಿಡಿಗೆ ಹಾರೋಕೆ ದಾರಿ ಸಿಗದಿದ್ದರೆ ಆ ವೋಲ್ಟೇಜು ಕಾಯಿಲನ್ನೇ ತಿನ್ನುತ್ತೆ, ಇಲ್ಲ ಡಬ್ಬಿಯನ್ನ ತಿನ್ನುತ್ತೆ, ಇಲ್ಲ ನಿಮ್ಮನ್ನ. ನೋಡಲೇಬೇಕು ಅಂದರೆ ಪ್ಲಗ್ಗನ್ನ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ನಿನ ಮೇಲೆ ಮಲಗಿಸಿ ನೋಡಿ. ಕ್ಯಾಪೂ ರೆಸಿಸ್ಟರ್ ಇರುವಂಥದ್ದೇ ಹಾಕಿ. ಗಾಡಿಗೆ ವೆಲ್ಡಿಂಗ್ ಮಾಡಿಸೋ ಮುಂಚೆ ಡಬ್ಬಿ ಬಿಚ್ಚಿಡಿ. 12 ವೋಲ್ಟಿಗೆ ಹೋದ ಮೇಲೆ ಬಲ್ಬೆಲ್ಲ ಬದಲಾಯಿಸಿ, ಹಾರ್ನನ್ನೂ ಬದಲಾಯಿಸಿ. 6 ವೋಲ್ಟಿನ ಹಳೇ ಹಾರ್ನು 12 ವೋಲ್ಟಿನಲ್ಲಿ ಒಂದೆರಡು ದಿನ ಬೀದಿ ಎಬ್ಬಿಸುವ ಹಾಗೆ ಕೂಗಿ ಆಮೇಲೆ ಶಾಶ್ವತವಾಗಿ ಬಾಯಿ ಮುಚ್ಚುತ್ತೆ.

12 ವೋಲ್ಟು ಅಂದ ತಕ್ಷಣ ಹೆಡ್‌ಲೈಟು ನೆನಪಾಯ್ತು. 45 ವಾಟಿನ ಆ 6 ವೋಲ್ಟಿನ ಡೈನಮೋ ಬೆಳಕಿದೆಯಲ್ಲ, ಆಕ್ಸಲರೇಟರ್ ಬಿಟ್ಟರೆ ಅದೂ ಕಣ್ಣು ಮುಚ್ಚೋದು. ನಂಜನಗೂಡಿನಿಂದ ರಾತ್ರಿ ಬರುವಾಗ ನಮ್ಮ ತಂದೆ ಎದುರಿಗೆ ಬರೋ ಲಾರಿಗಳ ಬೆಳಕಿನಲ್ಲಿ ಮುಂದಿನ ಒಂದು ಫರ್ಲಾಂಗು ರಸ್ತೆ ಬಾಯಿಪಾಠ ಮಾಡಿಕೊಂಡು, ಲಾರಿ ದಾಟಿದ ಮೇಲೆ ಆ ನೆನಪಿನಲ್ಲೇ ಗಾಡಿ ಓಡಿಸ್ತಿದ್ದರು. ಟ್ಯಾಂಕಿನ ಮೇಲೆ ಕೂತ ನನಗೆ “ಎತ್ತಿನ ಗಾಡಿ ಕಂಡ್ರೆ ಹೇಳೋ” ಅನ್ನೋ ಡ್ಯೂಟಿ. ಹೊಸ ಕಿಟ್ಟಿನಲ್ಲಿ ನೂರು ವಾಟ್ ದಾಟಿ ಸಿಗುತ್ತೆ. ನನ್ನ ಕೇಳಿದರೆ ಕಿಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಈ ಬೆಳಕಿಗೇ ವಸೂಲು.

ಇನ್ನು ಒರಿಜಿನಾಲಿಟಿ ಪುರಾಣ. ಸರ್ಕಾರ 2021ರಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿತಲ್ಲ, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು ಅಂತ. ಅದನ್ನ ಹಿಡಿದುಕೊಂಡು ನಮ್ಮ ಬೀದಿಯಲ್ಲಿ ಒಂದು ಭಾನುವಾರ ಪೂರ್ತಿ ಚರ್ಚೆ ನಡೆಯಿತು: ಕವರಿನೊಳಗೆ ಕೂರಿಸಿದ ರೋಟರು ದೊಡ್ಡ ಬದಲಾವಣೆಯೋ ಸಣ್ಣದೋ? ಕವರ್ ಮುಚ್ಚಿದ ಮೇಲೆ ಹೊರಗಿಂದ ಏನೂ ಕಾಣಲ್ಲ. ತೀರ್ಪು ಕೊಡೋಕೆ ಬರೋರು ಕವರ್ ಬಿಚ್ಚೋಕೆ ಸ್ಕ್ರೂ ಡ್ರೈವರ್ ತರ್ತಾರಾ? ಚರ್ಚೆ ಊಟದ ಹೊತ್ತಿಗೆ ತೀರ್ಮಾನ ಇಲ್ಲದೆ ಮುಗಿಯಿತು.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದೇ ಬಿಟ್ಟಿದ್ದೆ ನೋಡಿ. ಮೇಷ್ಟ್ರದು ನೋಡಿ ಆಸೆಪಟ್ಟು ಹಿಂದಿನ ಬೀದಿಯ ಇನ್ನೊಬ್ಬರು ಯೆಜ್ಡಿಗೆ ಕಿಟ್ ಹಾಕಿಸಿದರು. ಗಾಡಿ ಮೊದಲು ಹೇಗೆ ರಂಪ ಮಾಡ್ತಿತ್ತೋ ಈಗಲೂ ಅದೇ ರಂಪ. ಬಿಸಿಯಾದ ಮೇಲೆ ತಾನೇ ತಾನು ರೇಸ್ ಆಗೋದು, ಐಡಲಿಂಗ್ ನಿಲ್ಲದೇ ಇರೋದು. ಮೇಸ್ತ್ರಿ ನೋಡಿದರೆ, ಡೈನಮೋ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲು ಒಣಗಿ ಬಿರುಕು ಬಿಟ್ಟಿದೆ! ಅಲ್ಲಿಂದ ಗಾಳಿ ಎಳೀತಿದೆ. ಟೂ ಸ್ಟ್ರೋಕಿಗೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ನಿಲ್ಲಬೇಕು, ಅದು ಇಲ್ಲ ಅಂದ ಮೇಲೆ ಕಿಡಿ ಎಷ್ಟು ಚೆನ್ನಾಗಿದ್ದರೇನು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಸೀಲಿನ ಬೆಲೆ ಕಿಟ್ಟಿನ ಮುಂದೆ ಏನೇನೂ ಅಲ್ಲ.

ಪಾಯಿಂಟಿನ ತಲೆ ಮೇಲೆ ನಾವು ಹೊರಿಸಿದ ಅಪವಾದಗಳಲ್ಲಿ ಅರ್ಧ ಬೇರೆಯವರದು ಸ್ವಾಮಿ. ಕಾರ್ಬೊರೇಟರಿನ ಕಸ, ಒಣಗಿದ ಸೀಲು, ತುಕ್ಕು ಹಿಡಿದ ಅರ್ತು, ಲೀಟರಿಗೆ 40 ಎಂ.ಎಲ್. ಹಾಕಬೇಕಾದಲ್ಲಿ ಅಂದಾಜಿಗೆ ಸುರಿದ ಆಯಿಲು. ಅದರಲ್ಲೂ ಪಾಯಿಂಟ್ ಸುಡದ ಹಾಗೆ ಅದರ ಜೊತೆಗೆ ಹಾಕೋ ಕಂಡೆನ್ಸರು ಇದೆಯಲ್ಲ, ಈಗ ಸಿಗೋ ಅಂಥವು. ಹಳೇ ಕಾಲದ ಮಾಲು ಮುಗಿದುಹೋಗಿ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗೋ ಹೊಸವು ಯಾವಾಗ ಕೈ ಕೊಡ್ತವೋ ಹೇಳೋಕಾಗಲ್ಲ. ಎಲೆಕ್ಟ್ರಾನಿಕ್ ಮಾಡಿಸೋಕೆ ನಿಜವಾದ ಕಾರಣ ಬೇಕು ಅಂದರೆ ನಾನು ಆ ಕಂಡೆನ್ಸರನ್ನೇ ತೋರಿಸ್ತೀನಿ, ಪಾಯಿಂಟನ್ನಲ್ಲ.

ಹಾಗಾಗಿ, ದಿನಾ ಓಡಿಸೋ ಗಾಡಿಯಾದರೆ, ಮಲೆನಾಡಿನ ಮಳೆಯಲ್ಲಿ ನೆನೆಯೋ ಗಾಡಿಯಾದರೆ, ಧೈರ್ಯವಾಗಿ ಹಾಕಿಸಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಒಂದು ಸುತ್ತು ಹೋಗಿ ಬರೋ ಗಾಡಿಗೆ ಒಳ್ಳೇ ಪಾಯಿಂಟು, ಒಳ್ಳೇ ಕಂಡೆನ್ಸರು ಸಾಕು. ಹಾಕಿಸೋದಾದರೆ ಡೈನಮೋ ಬಿಚ್ಚಿದ ದಿನವೇ ಆಯಿಲ್ ಸೀಲು ಬದಲಾಯಿಸಿ, ಅರ್ತ್ ಕೆರೆಸಿ. ಬಿಚ್ಚಿದ ಡೈನಮೋ, ಪಾಯಿಂಟ್ ಪ್ಲೇಟು ಎಲ್ಲಾನೂ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಡಬ್ಬಿ ಕೆಟ್ಟರೆ ಹೊಸ ಡಬ್ಬಿ ಬರೋವರೆಗೆ ಗಾಡಿ ಓಡಿಸೋದು ಅದೇ. ಗುಜರಿಯವನು ತೂಕಕ್ಕೆ ಎಷ್ಟೇ ಕೊಡ್ತೀನಿ ಅಂದರೂ ಅದನ್ನ ಮಾತ್ರ ಕೊಡಬೇಡಿ.